ತೆನೆ ಕಳಿಸಬೇಡಿ, ತಗೊಂಡು ಹೋಗಿ

ಎಲ್ಲರಿಗೂ ನಮಸ್ಕಾರ. ಕೊಂಕಣಿಯಲ್ಲೇ ಮಾತಾಡಿ ಅಂತ ಕೆಲವರು ಹೇಳಿದ್ದರು. ಆದರೆ ಇಲ್ಲಿ ಕಲ್ಯಾಣಪುರ, ಸಂತೆಕಟ್ಟೆ, ಕೆಮ್ಮಣ್ಣು ಕಡೆಯ ನೆರೆಹೊರೆಯವರೆಲ್ಲ ಬಂದಿದ್ದಾರೆ, ಶಾಲೆ ಮಕ್ಕಳೂ ಇದ್ದಾರೆ. ಹಾಗಾಗಿ ಕನ್ನಡವೇ ಆಗಲಿ. ನಡುವೆ ಕೊಂಕಣಿ, ತುಳು ನುಗ್ಗಿದರೆ ಈ ಊರಿನಲ್ಲಿ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ನನಗೆ ಕೊಟ್ಟ ವಿಷಯ ಧರ್ಮ, ಸೇವೆ, ಸಂಪ್ರದಾಯ. ಕೊಟ್ಟ ಸಮಯ ಅರ್ಧ ಗಂಟೆ. ಹೊಸ ತೆನೆಯ ಹಬ್ಬ ಮೊಂತಿ ಫೆಸ್ತ್, ನಮ್ಮ ಸೇವಾ ಸಂಸ್ಥೆಗಳು, ಅತ್ತೂರಿನ ಜಾತ್ರೆ, ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ರೋಸ್ ಅಂತ ನಾಲ್ಕು ಅಂಶ ಬರೆದುಕೊಂಡು ಬಂದಿದ್ದೇನೆ. ಆದರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ನಡೆಯುತ್ತಿರುವ ದಿನಗಳಿವು. ಮಕ್ಕಳು ಬುಟ್ಟಿ ತುಂಬ ಹೂ ಹಿಡಿದು ಓಡಾಡುವುದನ್ನು ಈಗ ತಾನೇ ನೋಡಿ ಬಂದೆ. ಮನಸ್ಸು ಪೂರ್ತಿ ಚರ್ಚಿನಲ್ಲಿ ಆಶೀರ್ವಾದ ಮಾಡಿ ಮನೆಗೆ ಒಯ್ಯುವ ಭತ್ತದ ತೆನೆಯ ಮೇಲೇ ಇದೆ. ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಬ್ಬಕ್ಕೆ ಬರಲಾಗದವರ ಮನೆಗೆ ತೆನೆ ಕಳಿಸಬೇಡಿ. ತಗೊಂಡು ಹೋಗಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕಳೆದ ವರ್ಷ ನಮ್ಮ ಕಡೆ ಒಂದು ಹೊಸ ವ್ಯವಸ್ಥೆ ಆಯಿತು. ವಯಸ್ಸಾದವರು, ಹಾಸಿಗೆ ಹಿಡಿದವರು ಪೂಜೆಗೆ ಬರಲು ಆಗುವುದಿಲ್ಲ. ಅವರಿಗಾಗಿ ತೆನೆಯನ್ನು ಚಂದದ ಕವರಿನಲ್ಲಿ ಹಾಕಿ, ಹೆಸರು ಬರೆದು, ಚರ್ಚ್ ಬಾಗಿಲಲ್ಲಿ ಒಂದು ಡಬ್ಬದಲ್ಲಿ ಇಡುವುದು. ಅಕ್ಕಪಕ್ಕದವರು ಹೋಗುವಾಗ ತಗೊಂಡು ಹೋಗುತ್ತಾರೆ ಅಂತ ಲೆಕ್ಕ. ತೆನೆ ಆಶೀರ್ವಾದದ ವಿಡಿಯೋ ವಾಟ್ಸಾಪ್ ಗ್ರೂಪಿಗೂ ಬಂತು. ಮಾಡಿದವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಡಬ್ಬದಲ್ಲಿ ಕವರುಗಳು ಹಾಗೇ ಇದ್ದವು. ಎಲ್ಲ ಅಲ್ಲ, ಕೆಲವು. ಯಾರು ಬರಲಾಗಲಿಲ್ಲವೋ ಅವರದ್ದೇ. ಪಕ್ಕದ ಮನೆಯವರು ಇನ್ನೊಬ್ಬರು ತಗೊಂಡಿರಬಹುದು ಅಂದುಕೊಂಡರು, ಇನ್ನೊಬ್ಬರು ಇವರು ತಗೊಂಡಿರಬಹುದು ಅಂದುಕೊಂಡರು. ಆ ಮನೆಗಳಲ್ಲಿ ಊಟಕ್ಕೆ ಮೊದಲು ತೆನೆ ಬರುತ್ತದೆ ಅಂತ ಕಾದು ಕೂತವರು ಇದ್ದರು. ನಮ್ಮಲ್ಲಿ ಹೊಸ ಅಕ್ಕಿ ಬಾಯಿಗೆ ಹಾಕದೆ ಆ ದಿನ ಊಟ ಶುರು ಮಾಡುವುದಿಲ್ಲ.

ಮೊಂತಿ ಫೆಸ್ತ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗಾಗಿ ಎರಡು ಮಾತು ಅಷ್ಟೇ. ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ. ಅದು ಎಲ್ಲ ದೇಶದ ಕಥೋಲಿಕರಿಗೂ ಇರುವ ಹಬ್ಬ. ಆದರೆ ಅದೇ ದಿನ ಹೊಸ ತೆನೆ, ಅದೇ ದಿನ ಬಾಳೆ ಎಲೆಯಲ್ಲಿ ಮೀನು ಮಾಂಸ ಇಲ್ಲದ ಊಟ, ಅದು ನಮ್ಮ ಮಣ್ಣಿನದು. ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವಾದಿಂದ ಬಂದ ಫಾದರ್ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬ ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಮಳೆಗಾಲದ ಭತ್ತ, ಏಣೆಲ್ ಬೆಳೆ, ಹಾಲು ತುಂಬಿ ಬಲಿಯುವ ಸಮಯ ಅದು. ನಮ್ಮ ತುಳುವರ ಮನೆಗಳಲ್ಲೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ ತೆನೆ ಹಬ್ಬ ಕುರಲ್ ಪರ್ಬ, ಆಮೇಲೆ ಹೊಸ ಅಕ್ಕಿಯ ಪುದ್ವಾರ್ ಊಟ. ಗದ್ದೆ ಒಂದೇ, ಮಳೆ ಒಂದೇ. ಹಬ್ಬಗಳು ಅಕ್ಕಪಕ್ಕ ಬರದೆ ಇನ್ನೆಲ್ಲಿ ಹೋಗುತ್ತವೆ?

ಈಗ ಗದ್ದೆಯೇ ಕಷ್ಟ. ನಮ್ಮವರ ಗದ್ದೆ ಜಾಸ್ತಿ ಬೆಳೆ ಇಲ್ಲದೆ ಹಡಿಲು ಬಿದ್ದಿದೆ, ಇಲ್ಲವೇ ಸೈಟ್ ಆಗಿದೆ. ನಮ್ಮ ಚರ್ಚಿಗೆ ತೆನೆ ಬರುವುದು ಒಬ್ಬರು ಶೆಟ್ರ ಗದ್ದೆಯಿಂದ. ಆಗಸ್ಟ್ ಬಂತು ಅಂದರೆ ಫಾದರ್ ಫೋನು ಮಾಡುತ್ತಾರೆ, "ಶೆಟ್ರೇ, ತೆನೆ ಹೇಗಿದೆ?" ಶೆಟ್ರು ಹೇಳುತ್ತಾರೆ, "ಫಾದರ್, ಮಳೆ ನಿಮ್ಮ ಕೈಯಲ್ಲಿ, ತೆನೆ ನನ್ನ ಕೈಯಲ್ಲಿ." ದುಡ್ಡು ಕೊಟ್ಟರೆ ತಗೊಳ್ಳುವುದಿಲ್ಲ. ಎಂಟನೇ ತಾರೀಕಿಗೆ ತೆನೆ ಸಿಗಬೇಕು ಅಂತ ಒಂದು ಮೂಲೆಯಲ್ಲಿ ಬೇಗ ನಾಟಿ ಮಾಡಿಸುತ್ತಾರೆ. ಇದಕ್ಕೆ ನಾವು ಸೌಹಾರ್ದ ಅಂತ ಬ್ಯಾನರ್ ಕಟ್ಟುವ ಅಗತ್ಯ ಇಲ್ಲ. ಆದರೆ ಆಶೀರ್ವಾದ ಆದ ಮೇಲೆ ಒಂದು ತೆನೆ ಅವರ ಮನೆಗೆ ಹೋಯಿತಾ? ಯಾರಾದರೂ ಹೋಗಿ ಕೊಟ್ಟರಾ? ಅದನ್ನು ಕೇಳಬೇಕು.

ಇನ್ನು ನಮ್ಮ ವಾಡೊದ, ಅಂದರೆ ಚರ್ಚಿಗೆ ಸೇರಿದ ನಮ್ಮ ಕೇರಿಯ, ಹಳೇ ಮುಖ್ಯಸ್ಥರು ಗುರ್ಕಾರರ ಕಥೆ ಹೇಳದೆ ನಾನು ಮುಂದೆ ಹೋಗುವವಳಲ್ಲ. ಅವರು ತೀರಿಕೊಂಡು ತುಂಬ ವರ್ಷ ಆಯಿತು. ಬಿಳಿ ಮುಂಡು, ಕಪ್ಪು ಕೊಡೆ, ಕಂಕುಳಲ್ಲಿ ಒಂದು ಉದ್ದದ ಲೆಕ್ಕದ ಪುಸ್ತಕ. ತುಳುವರು ಅವರನ್ನು ಪೊರ್ಬುಲು ಅಂತಲೇ ಕರೆಯುತ್ತಿದ್ದರು. ಆ ಪುಸ್ತಕದಲ್ಲಿ ವಾಡೊದ ಪ್ರತಿ ಮನೆಗೂ ಒಂದು ಪುಟ. ಯಾರಿಗೆ ಹುಷಾರಿಲ್ಲ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರ ಮಗನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿಲ್ಲ, ಎಲ್ಲ ಇತ್ತು. ಹಬ್ಬದ ದಿನ ಪೂಜೆ ಮುಗಿದು, ಮಕ್ಕಳಿಗೆ ಕಬ್ಬು ಹಂಚಿ ಆದ ಮೇಲೆ ಎಲ್ಲರೂ ಮನೆಗೆ ಊಟಕ್ಕೆ ಓಡುತ್ತಿದ್ದರು. ಅವರು ಓಡುತ್ತಿರಲಿಲ್ಲ. ನಮ್ಮಂಥ ನಾಲ್ಕು ಮಕ್ಕಳನ್ನು ಹಿಡಿದು ತೆನೆ ಹೊರಿಸಿಕೊಂಡು ಬರಲಾಗದವರ ಮನೆಗೆಲ್ಲ ಹೋಗುತ್ತಿದ್ದರು. ಕೈಯಲ್ಲಿ ಕಬ್ಬು, ಹೊಟ್ಟೆಯಲ್ಲಿ ಹಸಿವು, ಮನೆಯಲ್ಲಿ ಪತ್ರೊಡೆ, ಅಲಸಂಡೆ, ಹರಿವೆ, ಹೀರೆಕಾಯಿ, ವೊರ್ನ್ ಪಾಯಸ ಎಲ್ಲ ಕಾಯುತ್ತಿರುವುದು. ನಮ್ಮ ಕಷ್ಟ ನಿಮಗೆ ಅರ್ಥ ಆಗುತ್ತದೆ.

ಒಂದು ಮನೆ ಇತ್ತು. ಆ ಮನೆಯವರಿಗೂ ಗುರ್ಕಾರರಿಗೂ ತೋಡಿನ ನೀರಿನ ಜಗಳ. ಉಡುಪಿ ಕೋರ್ಟಿನಲ್ಲಿ ಕೇಸು. ದಾರಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಆ ವರ್ಷ ಆ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದರು. ಪುಸ್ತಕದಲ್ಲಿ ಅವರ ಪುಟವೂ ಇತ್ತು. ನಾವು ಗೇಟಿನ ಹತ್ತಿರ ನಿಂತುಬಿಟ್ಟೆವು, ನಾಯಿ ಬೇರೆ ಬೊಗಳುತ್ತಿತ್ತು. ಗುರ್ಕಾರರು ಕೊಡೆ ಮಡಚಿ ಸೀದಾ ಒಳಗೆ ನಡೆದರು. "ಬಾಯೆ, ತೆನೆ ತಂದಿದ್ದೇನೆ" ಅಂತ ಕೂಗಿದರು. ಮನೆಯ ಯಜಮಾನರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗೆ ಇಳಿಯಲೇ ಇಲ್ಲ. ಅವರ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು, ಸೆರಗಿನಲ್ಲಿ ತೆನೆ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. "ಮಾಂಯ್ ಹೇಗಿದ್ದಾರೆ?" ಅಂತ ಕೇಳಿ ಗುರ್ಕಾರರು ಒಳಕೋಣೆಗೇ ಹೋದರು. ನಾವೂ ಹಿಂದೆ. ಅಜ್ಜಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ. ಕೈ ಹಿಡಿದುಕೊಂಡು ಯಾರ ಮಗ ಅಂತ ಕೇಳಿದರು. ಹೇಳಿದ ಮೇಲೆ ಗುರ್ಕಾರರ ಅಪ್ಪನ ಕಥೆ ಶುರುವಾಯಿತು. ನೇಜಿ ನೆಡುವಾಗ ಆ ಮನುಷ್ಯ ಎಷ್ಟು ಜೋರು ಮಾಡುತ್ತಿದ್ದರು, ಆದರೆ ಮಧ್ಯಾಹ್ನ ಗಂಜಿ ಎಷ್ಟು ಧಾರಾಳ ಬಡಿಸುತ್ತಿದ್ದರು, ಒಂದು ಬೊಳ್ಳದ ನೆರೆಯಲ್ಲಿ ದೋಣಿ ಹೇಗೆ ಗದ್ದೆಗೇ ಬಂತು, ಎಲ್ಲ. ಗುರ್ಕಾರರು ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು. ಮಧ್ಯೆ ಒಂದು ಭತ್ತ ಸುಲಿದು ಅಜ್ಜಿಯ ಬಾಯಿಗೆ ಹಾಕಿದರು. ಕಾಫಿ ಬಂತು, ಕುಡಿದರು. ಹೊರಗೆ ಬಂದಾಗ ಪೇಪರ್ ಇನ್ನೂ ಅಲ್ಲೇ ಇತ್ತು.

ದಾರಿಯಲ್ಲಿ ನಮ್ಮಲ್ಲೊಬ್ಬ ಹುಡುಗ ಕೇಳಿಯೇಬಿಟ್ಟ, ಅವರ ಮೇಲೆ ಕೇಸು ಹಾಕಿದ್ದೀರಲ್ಲ ಅಂತ. "ಕೇಸು ಕೋರ್ಟಿನಲ್ಲಿ ನಡೆಯುತ್ತದೆ ಮಗಾ. ಇವತ್ತು ಹಬ್ಬ" ಅಂದರು. ಅಷ್ಟೇ.

ಕೇಸು ಹಿಂದೆ ತಗೊಂಡರು, ಇಬ್ಬರೂ ಅಪ್ಪಿಕೊಂಡರು ಅಂತ ನಾನು ಹೇಳುವುದಿಲ್ಲ. ಹಾಗೆ ಆಗಲಿಲ್ಲ. ಕೇಸು ಇನ್ನೂ ತುಂಬ ಕಾಲ ನಡೆಯಿತು. ಆದರೆ ಆ ಅಜ್ಜಿ ತೀರಿಕೊಂಡ ರಾತ್ರಿ ಆ ಯಜಮಾನರು ಟಾರ್ಚ್ ಹಿಡಿದು ಮೊದಲು ಹೋದದ್ದು ಗುರ್ಕಾರರ ಮನೆಗೆ. ಗುರ್ಕಾರರೇ ಮನೆ ಮನೆಗೆ ಸುದ್ದಿ ಮುಟ್ಟಿಸಿದರು, ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಸಿದರು. ಈಗ ಹೇಳಿ, ಆ ವರ್ಷ ತೆನೆಯನ್ನು ಕವರಿನಲ್ಲಿ ಹಾಕಿ ಕಳಿಸಿದ್ದರೆ ಆ ಗೇಟು ತೆರೆಯುತ್ತಿತ್ತಾ?

ಅಂಚೆಯಲ್ಲಿ ತೆನೆ ಕಳಿಸುತ್ತಿರಲಿಲ್ವಾ ಅಂತ ನೀವು ಕೇಳಬಹುದು. ಹೌದು, ನಮ್ಮ ಅಮ್ಮಂದಿರು ಕಾಗದದ ಮಡಿಕೆಯಲ್ಲಿ ನಾಲ್ಕು ಭತ್ತದ ಕಾಳು ಇಟ್ಟು ಬೊಂಬಾಯಿಗೆ, ಕುವೈತಿಗೆ ಕಳಿಸುತ್ತಿದ್ದರು. ಬೊಂಬಾಯಿ ದೂರ. ಕಂಪೌಂಡಿನ ಆಚೆ ಮನೆ ದೂರ ಅಲ್ಲ.

ಸೇವೆಯ ವಿಷಯಕ್ಕೆ ಬಂದರೂ ನಾನು ಹೇಳುವುದು ಇದನ್ನೇ. ನಮ್ಮ ಸಂಸ್ಥೆಗಳ ಬಗ್ಗೆ ನನಗೆ ತುಂಬ ಹೆಮ್ಮೆ ಇದೆ. ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದಾಗ ಅಲ್ಲಿ ಇದ್ದದ್ದು ಒಂದು ಆಲದ ಮರ. ಹತ್ತು ವರ್ಷದ ಮೇಲೆ, 1890ರಲ್ಲಿ, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರಿನವರು ಹತ್ತಿರ ಸೇರಿಸದ ಜನ ಅವರು. ಇವತ್ತಿನ ದೊಡ್ಡ ಆಸ್ಪತ್ರೆ, ಕಾಲೇಜು ಎಲ್ಲ ಆಮೇಲಿನದು. 1921ರಲ್ಲಿ ಮೊನ್ಸಿಂಞೊರ್ ರೇಮಂಡ್ ಮಸ್ಕರೇನ್ಹಸ್ ಬೆಂದೂರಿನಲ್ಲಿ ಬೆಥನಿ ಸಿಸ್ಟರುಗಳ ಸಭೆ ಶುರು ಮಾಡಿದರು. ಅವರು ಹಳ್ಳಿ ಹಳ್ಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಓದು ಕಲಿಸಿದರು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ನೋಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಾಮ್ ಮತ್ತು ಅವರ ಗೆಳೆಯರು ಸೇರಿ ಶುರು ಮಾಡಿದ್ದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಬೇಕು, ಇದು ಅದರ ರೀತಿ. ಮೀಟಿಂಗಿನಲ್ಲಿ ಸಣ್ಣ ಚೀಲವೊಂದು ಸುತ್ತು ಬರುತ್ತದೆ, ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದುಡ್ಡು ಹಾಕಿದರೆ ಕೆಲಸ ಮುಗಿಯಿತು ಅಂತ ಅಲ್ಲಿ ಇಲ್ಲ. ಹೋಗಬೇಕು.

ನಮಗೆ ಈಗ ಅಭ್ಯಾಸ ಆಗಿರುವುದು ಬೇರೆ. ಆಸ್ಪತ್ರೆ ಇದೆ, ಆಶ್ರಮ ಇದೆ, ಸಿಸ್ಟರುಗಳಿದ್ದಾರೆ, ನಾವು ಗೂಗಲ್ ಪೇ ಮಾಡಿದರೆ ಸಾಕು. ದಾನ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ, ಧಾರಾಳ ಕೊಡಿ, ಅವರಿಗೆ ಬೇಕು. ಆದರೆ 1799ರ ನಂತರ ಶ್ರೀರಂಗಪಟ್ಟಣದ ಟಿಪ್ಪುವಿನ ಸೆರೆಯಿಂದ ಉಳಿದ ನಮ್ಮ ಹಿರಿಯರು ಊರಿಗೆ ಮರಳಿದಾಗ ಹೆಚ್ಚಿನ ಕಡೆ ಚರ್ಚ್ ಕಟ್ಟಡವೇ ಉಳಿದಿರಲಿಲ್ಲ. ಸಂಸ್ಥೆ ಇಲ್ಲ, ಫಂಡ್ ಇಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಹೋಗದೆ ಅವರು ಮತ್ತೆ ಊರು ಕಟ್ಟಿರಲು ಸಾಧ್ಯ ಇಲ್ಲ ಅಂತ ನನ್ನ ನಂಬಿಕೆ.

ಇವತ್ತು ಕಲ್ಯಾಣಪುರದಿಂದ ಶಿರ್ವದವರೆಗೆ ಒಂದು ಸುತ್ತು ಹಾಕಿ. ದೊಡ್ಡ ದೊಡ್ಡ ಮನೆ, ಗೇಟಿಗೆ ಕ್ಯಾಮರಾ, ಒಳಗೆ ಇಬ್ಬರು ವಯಸ್ಸಾದವರು, ಕೆಲವು ಕಡೆ ಒಬ್ಬರೇ. ಮಕ್ಕಳು ದುಬೈ, ಕೆನಡಾ, ಐರ್ಲೆಂಡ್. ನಮ್ಮ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ಇಸ್ರೇಲಿನಲ್ಲಿ ಅಲ್ಲಿಯ ಅಜ್ಜ ಅಜ್ಜಿಯಂದಿರನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದಾರೆ, ಯುದ್ಧದ ಸೈರನ್ ಕೇಳುತ್ತಾ. ಅದು ಸಣ್ಣ ಸೇವೆ ಅಲ್ಲ. ಅವರ ದುಡಿಮೆಯಿಂದಲೇ ಇಲ್ಲಿ ಎಷ್ಟೋ ಮನೆಗೆ ಹೆಂಚು ಹೋಗಿ ಟೆರೇಸ್ ಬಂದಿದೆ. ಅವರು ಅಲ್ಲಿ ಇನ್ನೊಬ್ಬರ ಅಮ್ಮನಿಗೆ ಊಟ ತಿನ್ನಿಸುವಾಗ, ಇಲ್ಲಿ ಅವರ ಅಮ್ಮನ ಬಾಗಿಲು ಯಾರು ತಟ್ಟಬೇಕು? ನಾವಲ್ವಾ? ಕ್ಯಾಮರಾದಲ್ಲಿ ಮಗಳಿಗೆ ಅಮ್ಮ ಕಾಣುತ್ತಾಳೆ, ನಿಜ. ಪಕ್ಕದಲ್ಲಿ ಕೂತು ಅವಳ ಹಳೇ ಕಥೆಯನ್ನು ಕೇಳುವವರು ಬೇಕು, ಹತ್ತು ಸಲ ಕೇಳಿದ್ದೇ ಆದರೂ.

ಇನ್ನೊಂದು ಗುಂಪು ಇದೆ. ಭಾನುವಾರ ಪೂಜೆಯಲ್ಲಿ ಹಿಂದೆ ಬಾಗಿಲ ಹತ್ತಿರ ನಿಲ್ಲುವ ಹುಡುಗರನ್ನು ನೀವು ನೋಡಿರಬಹುದು. ಜಾರ್ಖಂಡ್, ಒಡಿಶಾ ಕಡೆಯವರು. ಹೋಟೆಲು, ಕಟ್ಟಡ, ಮೀನಿನ ಕೆಲಸಕ್ಕೆ ಬಂದವರು. ಕೊಂಕಣಿ ಬರುವುದಿಲ್ಲ, ಕನ್ನಡ ಅಷ್ಟಕ್ಕಷ್ಟೆ. ಪೂಜೆ ಮುಗಿದ ಕೂಡಲೇ ಮೆಲ್ಲಗೆ ಹೊರಟುಹೋಗುತ್ತಾರೆ. ಅವರ ರೂಮು ಯಾವ ವಾಡೊದಲ್ಲಿದೆ? ಯಾವ ಗುರ್ಕಾರರ ಪುಸ್ತಕದಲ್ಲಿ ಅವರಿಗೆ ಪುಟ ಇದೆ? ಅವರ ಊರಿನಲ್ಲೂ ಭತ್ತದ ಗದ್ದೆ ಇದೆ. ಈ ಸಲ ಹಬ್ಬದ ಊಟಕ್ಕೆ ಇಬ್ಬರನ್ನಾದರೂ ಮನೆಗೆ ಕರೆದುಕೊಂಡು ಬನ್ನಿ. ಪಲ್ಯ ಮೂರು, ಐದು, ಏಳು, ಒಂಬತ್ತು ಅಂತ ಬೆಸ ಲೆಕ್ಕ ನೋಡುತ್ತೀರಿ, ಎಲೆಯ ಲೆಕ್ಕದಲ್ಲಿ ಎರಡು ಜಾಸ್ತಿ ಹಿಡಿಯಿರಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇಲ್ಲ, ಐದು.

ಅತ್ತೂರಿನ ಬಗ್ಗೆ ತುಂಬ ಹೇಳಬೇಕು ಅಂತಿತ್ತು. ಅಲ್ಲಿರುವ ಕಾರ್ಕಳದ ಸಂತ ಲಾರೆನ್ಸರ ಚರ್ಚ್ 2016ರಲ್ಲಿ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚ್, ಆಯಿತು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಜನ ಅದನ್ನು ತಮ್ಮದು ಮಾಡಿಕೊಂಡಿದ್ದರು. ಜನವರಿಯ ಜಾತ್ರೆಯಲ್ಲಿ ಮೇಣದ ಬತ್ತಿ ಹಿಡಿದು ನಿಲ್ಲುವ ಸಾಲಿನಲ್ಲಿ ಯಾರು ಯಾವ ಜಾತಿ ಅಂತ ಕೇಳುವವರಿಲ್ಲ. ಅಲ್ಲಿಗೆ ಜನ ಹರಕೆ ಕಳಿಸುವುದಿಲ್ಲ ನೋಡಿ, ತಾವೇ ಹೋಗುತ್ತಾರೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಿಸಿಲಲ್ಲಿ ನಿಲ್ಲುತ್ತಾರೆ.

ರೋಸ್ ಬಗ್ಗೆ ಒಂದೇ ಮಾತು. ತೆಂಗಿನ ಹಾಲು ಹಿಂಡುವುದು, ಮದುವೆಯ ಹಾಡು ವೊವಿಯೊ ಹೇಳುವುದು, ಚಪ್ಪರಕ್ಕೆ ತೆಂಗಿನ ಮಡಲು ಹೆಣೆಯುವುದು, ಇದೆಲ್ಲ ವಾಡೊದವರು ಬಂದು ಮಾಡುತ್ತಿದ್ದ ಕೆಲಸ. ಈಗ ಹಾಲ್, ಡಿಜೆ, ಈವೆಂಟ್‌ನವರು. ಹಾಲ್‌ನಲ್ಲೇ ಮಾಡಿ, ಪರವಾಗಿಲ್ಲ, ಜಾಗದ ಸಮಸ್ಯೆ ನನಗೆ ಗೊತ್ತು. ತೆಂಗಿನಕಾಯಿ ತುರಿಯಲಿಕ್ಕೆ ಮಾತ್ರ ಪಕ್ಕದ ಮನೆಯವರನ್ನು ಕರೆಯಿರಿ. ವೊವಿಯೊ ಗೊತ್ತಿರುವ ಅಜ್ಜಿಯಂದಿರು ಇನ್ನೂ ಇದ್ದಾರೆ, ಅವರನ್ನು ಮುಂದೆ ಕೂರಿಸಿ.

ಮುಗಿಸುತ್ತೇನೆ. ಈ ಸಲ ಡಬ್ಬ ಇಡುವುದಿಲ್ಲ ಅಂತ ಫಾದರ್ ಒಪ್ಪಿದ್ದಾರೆ. ಮನೆಗಳ ಪಟ್ಟಿ ಈಗಿನ ಗುರ್ಕಾರರ ಹತ್ತಿರ ಇದೆ. ಒಂದೊಂದು ಮನೆಗೆ ಇಬ್ಬರು, ಜೊತೆಗೆ ಒಂದು ಮಗು. ಹೋದವರು ಕನಿಷ್ಠ ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂರಬೇಕು, ಬಾಗಿಲಲ್ಲೇ ಕೊಟ್ಟು ಓಡಿ ಬರುವಂತಿಲ್ಲ. ಶೆಟ್ರ ಮನೆಗೆ ಫಾದರ್ ತಾವೇ ಹೋಗುತ್ತಾರಂತೆ. ಹೊಳೆಯ ನಡುವಿನ ಕುದ್ರುವಿನ ಕಡೆಯ ಮನೆಗಳಿಗೆ ಬೈಕ್ ಇರುವ ಹುಡುಗರು ಬೇಕು, ಇನ್ನೂ ಯಾರೂ ಸಿಕ್ಕಿಲ್ಲ. ಹಿಂದಿನ ಸಾಲಿನಲ್ಲಿ ಕೂತ ನಿಮ್ಮನ್ನೇ ನೋಡಿ ಹೇಳುತ್ತಿದ್ದೇನೆ. ಹೊರಗೆ ಟೇಬಲ್ ಮೇಲೆ ಪುಸ್ತಕ ಇಟ್ಟಿದ್ದಾರೆ, ಚಹಾ ಕುಡಿಯುವ ಮೊದಲು ಹೆಸರು ಬರೆದುಬಿಡಿ.