ಗ್ರೀಸು ಬಳಿದು ಮುಳುಗಿಸಿದ ಹಡಗು

ಕೇಳುಗರೇ, ನಮಸ್ಕಾರ. ಹಳೆಯ ಹಬೆಹಡಗು ಇನ್ನೂ ಹೇಗೆ ಉಳಿದಿದೆ ಎಂದು ಯಾರು ಕೇಳಿದರೂ ನನ್ನದು ಒಂದೇ ಉತ್ತರ: ಗ್ರೀಸು. ಆಫ್ರಿಕದ ಟಾಂಗನಿಕಾ ಸರೋವರದ 'ಲಿಯೆಂಬಾ' ಹಡಗನ್ನೇ ನೋಡಿ.

ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ 1913ರಲ್ಲಿ ಕಟ್ಟಿದಾಗ ಅದರ ಹೆಸರು 'ಗ್ರಾಫ್ ಫಾನ್ ಗೋಟ್ಸನ್'. ಸಮುದ್ರದಿಂದ ಆ ಸರೋವರಕ್ಕೆ ಜಲಮಾರ್ಗವಿಲ್ಲ. ಹಾಗಾಗಿ ಹಡಗನ್ನು ಪೂರ್ತಿ ಬಿಚ್ಚಿ, ಸುಮಾರು 5000 ಪೆಟ್ಟಿಗೆಗಳಲ್ಲಿ ತುಂಬಿ ಆಗ ಜರ್ಮನ್ನರ ವಸಾಹತಾಗಿದ್ದ ಪೂರ್ವ ಆಫ್ರಿಕದ ದಾರ್ ಎಸ್ ಸಲಾಮ್ ಬಂದರಿಗೆ ಸಾಗಿಸಿದರು. ಅಲ್ಲಿಂದ ರೈಲಿನಲ್ಲಿ ಸರೋವರದ ದಡದ ಕಿಗೋಮಾಕ್ಕೆ. ಮತ್ತೆ ರಿವೆಟ್ ಹೊಡೆದು ಜೋಡಿಸಿ, 1915ರ ಫೆಬ್ರವರಿಯಲ್ಲಿ ನೀರಿಗಿಳಿಸಿದರು.

ಅದು ಮೊದಲ ಮಹಾಯುದ್ಧದ ಕಾಲ. ಮರುವರ್ಷ ಜುಲೈನಲ್ಲಿ ಶತ್ರುಸೈನ್ಯ ಹತ್ತಿರ ಬಂತು. ಹಡಗು ಅವರ ಕೈಸೇರಬಾರದು, ಆದರೆ ಮುಂದೊಮ್ಮೆ ನಮಗೇ ಬೇಕು ಎಂದು ಜರ್ಮನ್ನರ ಲೆಕ್ಕ. ಹಡಗುಕಟ್ಟೆಯಿಂದಲೇ ಬಂದಿದ್ದ ಎಂಜಿನಿಯರುಗಳು ಎಂಜಿನಿಗೆ ದಪ್ಪನಾಗಿ ಗ್ರೀಸು ಮೆತ್ತಿದರು. ಒಡಲಿಗೆ ಮರಳು ತುಂಬಿ, ಮಲಗರಾಸಿ ನದಿಯ ಮುಖದ ಬಳಿ ಹುಷಾರಾಗಿ ಮುಳುಗಿಸಿದರು.

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಹೊರಮೈಯ ತಗಡಿಗೆ ತುಕ್ಕು ಹಿಡಿದರೆ ಕೆರೆದು ಬಣ್ಣ ಹೊಡೆಯಬಹುದು. ಹಬೆಯ ಒತ್ತಡಕ್ಕೆ ಹಿಂದೆ ಮುಂದೆ ಆಡುವ ಉಕ್ಕಿನ ಸರಳು, ಅಂದರೆ ಪಿಸ್ಟನ್ ರಾಡು, ಹಾಗಲ್ಲ; ಅದು ಕನ್ನಡಿಯಷ್ಟು ನುಣುಪಾಗಿರಲೇಬೇಕು. ಅದರ ಮೇಲೆ ತುಕ್ಕಿನ ಒಂದು ಗುಳಿ ಬಿದ್ದರೂ ಸಾಕು, ರಾಡು ಹಿಂದೆ ಮುಂದೆ ಆಡಿದಾಗಲೆಲ್ಲ ಗ್ಲ್ಯಾಂಡಿನ ದಾರವನ್ನು, ಅಂದರೆ ರಾಡು ಹೊರಬರುವ ತೂತಿನಲ್ಲಿ ಹಬೆ ಸೋರದಂತೆ ಸುತ್ತಿ ತುಂಬಿದ ದಾರವನ್ನು, ಹರಿಯುತ್ತದೆ. ಪಂಪ್‌ಸೆಟ್ ಇಟ್ಟವರಿಗೆ ಈ ದಾರ ಗೊತ್ತು. ದಾರ ಹೋದರೆ ಹಬೆ ಸೋರುತ್ತದೆ, ಎಂಜಿನಿನ ಬಲ ಕುಗ್ಗುತ್ತದೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು. ಗ್ರೀಸು ಎರಡನ್ನೂ ತಡೆಯುತ್ತದೆ. ಸರೋವರದ್ದು ಸಿಹಿನೀರಾಗಿದ್ದೂ ಒಳ್ಳೆಯದಾಯಿತು. ಉಪ್ಪುನೀರಾಗಿದ್ದರೆ ತುಕ್ಕು ಇನ್ನೂ ಬೇಗ ತಿನ್ನುತ್ತಿತ್ತು. ಹೊರಗೆ ಥಳಥಳ ಬಣ್ಣ ಬಳಿದು, ನಿಂತ ಎಂಜಿನಿನ ಕಡೆ ತಿರುಗಿಯೂ ನೋಡದವರಿಗೆ ಎಷ್ಟು ಸಲ ಹೇಳಬೇಕೋ ತಿಳಿಯದು: ಮೊದಲು ಗ್ರೀಸು, ಆಮೇಲೆ ಬಣ್ಣ!

ಬೆಲ್ಜಿಯನ್ನರು ಒಮ್ಮೆ ಮೇಲೆತ್ತಿದರೂ ಹಡಗು ಮತ್ತೆ ಮುಳುಗಿತು. 1924ರಲ್ಲಿ ಬ್ರಿಟಿಷರು ಎತ್ತಿ ನೋಡಿದರೆ ಎಂಜಿನ್, ಬಾಯ್ಲರ್ ಎರಡೂ ರಿಪೇರಿಗೆ ಬರುವಂತಿದ್ದವು. 1927ರ ಮೇ ತಿಂಗಳಲ್ಲಿ 'ಲಿಯೆಂಬಾ' ಎಂಬ ಹೊಸ ಹೆಸರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟಿತು. ಮುಂದೆ 1970ರ ದಶಕದವರೆಗೂ ಓಡಿದ್ದು ಹಬೆಯಲ್ಲೇ.

ಸಮಯ ಆಗುತ್ತಾ ಬಂತು, ಉಳಿದದ್ದು ಚುಟುಕಾಗಿ. ಹಬೆ ಎಂಜಿನ್ ತೆಗೆದು ಡೀಸೆಲ್ ಹಾಕಿದರು. ಕಿಗೋಮಾದಿಂದ ಜಾಂಬಿಯಾದ ಎಂಪುಲುಂಗುವರೆಗೆ ಓಡಾಡುತ್ತಿತ್ತು. ದಾರಿಯ ಬಹಳಷ್ಟು ಊರುಗಳಲ್ಲಿ ಹಡಗು ನಿಲ್ಲುವ ಕಟ್ಟೆಯೇ ಇರಲಿಲ್ಲ. ಹಡಗು ನೀರಿನಲ್ಲೇ ನಿಲ್ಲುತ್ತಿತ್ತು, ಜನ, ಸಾಮಾನು ಎಲ್ಲ ಮರದ ದೋಣಿಗಳಲ್ಲಿ ಬರಬೇಕಿತ್ತು. 2015ರಲ್ಲಿ ಬುರುಂಡಿಯ ನಿರಾಶ್ರಿತರು ಸರೋವರದ ಕಗುಂಗಾ ದಡದಲ್ಲಿ ಸಿಕ್ಕಿಬಿದ್ದಾಗಲೂ ಹೀಗೇ ದೋಣಿಯಲ್ಲಿ ತಂದು ಹತ್ತಿಸಿ, ಸಲಕ್ಕೆ ಸುಮಾರು 600 ಜನರಂತೆ ಕಿಗೋಮಾಕ್ಕೆ ಮುಟ್ಟಿಸಿದ್ದು ಇದೇ ಹಡಗು. ನಮಸ್ಕಾರ.