ಎಡಗಡೆ ಮ್ಯಾಟ್ ಯಾಕೆ ಒದ್ದೆ? ಸೆಕೆಂಡ್ ಹ್ಯಾಂಡ್ ಕಾರಿನ ಸಣ್ಣಪುಟ್ಟ ರಿಪೇರಿ

[ದೃಶ್ಯ: ಕಾರಿನ ಮುಂದಿನ ಎಡ ಬಾಗಿಲು ತೆರೆದಿದೆ. ಕಾರ್ಪೆಟ್ ಮೇಲೆ ಕೈ ಒತ್ತಿದಾಗ ಬೆರಳ ಸಂದಿಯಿಂದ ನೀರು ಮೇಲೆ ಬರುತ್ತದೆ.]

ನಮಸ್ಕಾರ. ನೋಡಿ, ಇದು ನೀರು. ಮಳೆ ಬಂದು ವಾರ ಆಯಿತು, ಕಿಟಕಿ ಎಲ್ಲ ಮುಚ್ಚಿತ್ತು. ಆದರೂ ಕಾರ್ಪೆಟ್ ಹಿಂಡಿದರೆ ನೀರು ಬರುತ್ತದೆ.

ಈ ಕಾರು ನಮ್ಮ ಮನೆಗೆ ಬಂದು ಹದಿನಾರು ದಿನ. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 71,000 ಕಿಲೋಮೀಟರ್ ಓಡಿದೆ. ಎಂಜಿನ್ ಚೆನ್ನಾಗಿದೆ, ಅದನ್ನು ಕೊಳ್ಳುವ ಮುಂಚೆಯೇ ತೋರಿಸಿದ್ದೆ. ಮಿಕ್ಕ ತೊಂದರೆಗಳು ಓಡಿಸುತ್ತಾ ಓಡಿಸುತ್ತಾ ಒಂದೊಂದಾಗಿ ಮುಖ ತೋರಿಸುತ್ತವೆ, ಅಲ್ವಾ? ನಮ್ಮ ಮನೆಯವರು ಕರೆಂಟ್ ಬಿಲ್ಲಿನ ಹಿಂದೆ ಪಟ್ಟಿ ಬರೆದಿಟ್ಟಿದ್ದಾರೆ. ಎಂಟು ಐಟಂ ಇದೆ.

[ದೃಶ್ಯ: ಬಿಲ್ಲಿನ ಹಿಂಬದಿ. ಕೈಬರಹದ ಪಟ್ಟಿ.]

ಈ ಪಟ್ಟಿ ಹಿಡಿದು ಒಂದು ಗ್ಯಾರೇಜಿಗೆ ಹೋದೆ. ಬ್ಯಾಟರಿ ಹೊಸದು ಹಾಕಿಸಿ, ಕಿಟಕಿ ಮೋಟರ್ ಬದಲಾಯಿಸಿ, ಏಸಿ ಗ್ಯಾಸ್ ತುಂಬಿಸಿ, ಹೆಡ್‌ಲೈಟ್ ಎರಡೂ ಹೊಸದು ಹಾಕಿಸಿ ಅಂದರು. 19,500 ರೂಪಾಯಿ. ಮೋಸ ಅಂತ ನಾನು ಹೇಳುತ್ತಿಲ್ಲ. ಭಾಗ ಬದಲಾಯಿಸುವುದು ಅವರಿಗೆ ಅರ್ಧ ಗಂಟೆಯ ಕೆಲಸ. ಯಾಕೆ ಹಾಳಾಯಿತು ಅಂತ ಹುಡುಕುವುದು ಅರ್ಧ ದಿನದ ಕೆಲಸ. ಆ ಅರ್ಧ ದಿನ ನಮ್ಮ ಹತ್ತಿರ ಇದೆ. ಇವತ್ತು ಭಾನುವಾರ.

ಮೊದಲು ಈ ನೀರು.

ಕಾರಿನೊಳಗೆ ನೀರು ಬರುವುದಕ್ಕೆ ದಾರಿ ಮೂರು ನಾಲ್ಕು ಇವೆ. ಮುಟ್ಟಿ ನೋಡಿ, ಮೂಸಿ ನೋಡಿ. ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಎಂಜಿನ್ ತಣ್ಣಗಿಡುವ ದ್ರವ. ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಹೀಟರ್ ಸೋರುತ್ತಿದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಕೈಬಿಡಿ. ಬಾಯಿಗೆ ಹಾಕಿ ಮಾತ್ರ ನೋಡಬೇಡಿ, ಕೂಲೆಂಟ್ ವಿಷ. ನಮ್ಮದಕ್ಕೆ ವಾಸನೆ ಇಲ್ಲ, ಅಂಟೂ ಇಲ್ಲ. ಬರೀ ನೀರು.

ಹಾಗಾದರೆ ಮಳೆ ನೀರೋ, ಏಸಿ ನೀರೋ? ಮಳೆ ಇಲ್ಲದ ದಿನ ಏಸಿ ಹಾಕಿ ಓಡಿಸಿದಾಗ ಒದ್ದೆ ಆದರೆ ಏಸಿ. ಏಸಿ ಮುಟ್ಟದೆ, ಮಳೆ ಬಂದಾಗ ಒದ್ದೆ ಆದರೆ ಮಳೆ. ಮಳೆಗೆ ಕಾಯಬೇಕಾಗಿಲ್ಲ, ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ ನಾಲ್ಕು ಚೊಂಬು ನೀರು ಸುರಿದು ನೋಡಿ. ನಾನು ಸುರಿದೆ. ಒಳಗೆ ಒಂದು ಹನಿಯೂ ಬರಲಿಲ್ಲ.

ಸುರಿಯುವಾಗ ಇನ್ನೊಂದು ಕಣ್ಣಿಗೆ ಬಿತ್ತು. ವೈಪರ್ ಕೆಳಗಿನ ಜಾಲರಿಯೊಳಗೆ ಒಂದು ಹಿಡಿ ಹೊಂಗೆ ಎಲೆ. ಮರದ ಕೆಳಗೆ ನಿಂತ ಕಾರು ಅಂತ ಅಲ್ಲೇ ಗೊತ್ತಾಯಿತು. ಎಲೆ ಕೊಳೆತು ಅಲ್ಲಿನ ತೂತು ಮುಚ್ಚಿದರೆ ಮುಂದಿನ ಮಳೆಗಾಲದಲ್ಲಿ ಇದೇ ಕಾರ್ಪೆಟ್ ಮತ್ತೆ ಒದ್ದೆ ಆಗುತ್ತಿತ್ತು. ತೆಗೆದುಬಿಟ್ಟೆ.

[ದೃಶ್ಯ: ಕಾರು ನಿಂತಿದೆ, ಏಸಿ ಓಡುತ್ತಿದೆ. ಕ್ಯಾಮೆರಾ ಕಾರಿನ ಕೆಳಗೆ. ನೆಲ ಒಣಗಿದೆ.]

ಈಗ ಏಸಿ ಹಾಕಿ ಇಪ್ಪತ್ತು ನಿಮಿಷ ಆಗಿದೆ. ಕೆಳಗೆ ನೋಡಿ, ನೆಲ ಒಣಗಿದೆ. ಇದೇ ತಪ್ಪು. ಡ್ಯಾಶ್‌ಬೋರ್ಡ್ ಒಳಗೆ ಒಂದು ತಣ್ಣನೆ ಕಾಯಿಲ್ ಇರುತ್ತದೆ. ಗಾಳಿಯಲ್ಲಿರುವ ತೇವ ಅದಕ್ಕೆ ತಾಗಿ ನೀರಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ. ಆ ನೀರು ತಟ್ಟೆಯಲ್ಲಿ ಬಿದ್ದು, ಒಂದು ಸಣ್ಣ ಪೈಪಿನಲ್ಲಿ ಕಾರಿನ ಕೆಳಗೆ ಹೋಗಬೇಕು. ಏಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಎಷ್ಟೋ ಜನ ಗಾಬರಿ ಆಗುತ್ತಾರೆ. ತೊಟ್ಟಿಕ್ಕದೇ ಇದ್ದರೆ ಗಾಬರಿ ಆಗಬೇಕು! ಮಂಗಳೂರು, ಕಾರವಾರದ ಕಡೆಯ ಸೆಕೆಯಲ್ಲಂತೂ ಇನ್ನೂ ಜಾಸ್ತಿ ನೀರು ಬರುತ್ತದೆ. ಪೈಪ್ ಕಟ್ಟಿಕೊಂಡರೆ ಅಷ್ಟೂ ನೀರು ಕಾರ್ಪೆಟ್ಟಿಗೆ.

ಪೈಪಿನ ತುದಿ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿ ಇರುತ್ತದೆ. ಈ ಕಾರಿನಲ್ಲಿ ಎಡಗಡೆ, ಕೆಳಗೆ, ಹೆಬ್ಬೆರಳು ಗಾತ್ರದ ಕಪ್ಪು ರಬ್ಬರ್ ಮೂತಿ. ಎಂಜಿನ್ ಆಫ್ ಮಾಡಿ, ತಣ್ಣಗಾಗಲಿ. ಬರೀ ಜಾಕ್ ಕೊಟ್ಟು ಕಾರಿನ ಕೆಳಗೆ ತೂರಬೇಡಿ, ಜಾಕ್ ಜಾರಿದರೆ ಹೇಳುವುದಕ್ಕೆ ನಾವಿರುವುದಿಲ್ಲ. ಇದಕ್ಕೆ ಬಾನೆಟ್ ಕಡೆಯಿಂದ ಕೈ ಸಿಕ್ಕಿತು.

[ದೃಶ್ಯ: ಮೃದುವಾದ ಪ್ಲಾಸ್ಟಿಕ್ ವೈರ್ ಪೈಪಿನೊಳಗೆ ನಿಧಾನ ಹೋಗುತ್ತದೆ. ಕಂದು ಬಣ್ಣದ ನೀರು ಒಮ್ಮೆಲೇ ಸುರಿಯುತ್ತದೆ.]

ಮೆತ್ತಗಿನ ಪ್ಲಾಸ್ಟಿಕ್ ವೈರ್, ನಾಲ್ಕು ಬೆರಳು ಒಳಗೆ. ತಿರುಗಿಸಿದೆ. ಬಂತು! ಟೀ ಡಿಕಾಕ್ಷನ್ ತರಹದ ನೀರು, ಅರ್ಧ ಮಗ್. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಯಬೇಡಿ, ಒಳಗಿನ ತುದಿ ಕಳಚಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಕಬ್ಬಿಣದ ತಂತಿಯೂ ಬೇಡ.

ಖರ್ಚು ಸೊನ್ನೆ. ಆದರೆ ಕಾರ್ಪೆಟ್ ಒಣಗಿಸುವುದೇ ದೊಡ್ಡ ಕೆಲಸ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗಿನ ಸ್ಪಂಜು ನೀರು ಹಿಡಿದುಕೊಂಡೇ ಇರುತ್ತದೆ. ಬಿಟ್ಟರೆ ಮುಗ್ಗಲು ವಾಸನೆ, ಆಮೇಲೆ ತಗಡಿಗೆ ತುಕ್ಕು. ಬಾಗಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ, ಕೆಳಗೆ ಹಳೆ ಪೇಪರ್ ತುರುಕಿ, ಬಿಸಿಲಿಗೆ ನಿಲ್ಲಿಸಿ. ನನಗೆ ಎರಡು ದಿನ ಹಿಡಿಯಿತು.

ಏಸಿ ಮಾತು ಬಂತಲ್ಲ. ಗಾಳಿ ಕಡಿಮೆ ಬರುತ್ತಿತ್ತು, ಅದಕ್ಕೆ ಗ್ಯಾಸ್ ತುಂಬಿಸಿ ಅಂದಿದ್ದರು. ಗಾಳಿಯೇ ಕಡಿಮೆ ಇರುವುದು ಬೇರೆ, ಗಾಳಿ ಜೋರಾಗಿದ್ದೂ ತಣ್ಣಗಿಲ್ಲದಿರುವುದು ಬೇರೆ. ಮೊದಲನೆಯದಕ್ಕೂ ಗ್ಯಾಸಿಗೂ ಸಾಮಾನ್ಯವಾಗಿ ಸಂಬಂಧ ಇಲ್ಲ. ಇನ್ನೊಂದು ಮಾತು, ಏಸಿ ಗ್ಯಾಸ್ ಪೆಟ್ರೋಲ್ ತರಹ ಉರಿದು ಖಾಲಿ ಆಗುವ ವಸ್ತು ಅಲ್ಲ. ತುಂಬಿಸಿದ್ದು ಬೇಗ ಬೇಗ ಖಾಲಿ ಆದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

[ದೃಶ್ಯ: ಗ್ಲವ್ ಬಾಕ್ಸ್ ಎರಡೂ ಬದಿ ಒಳಕ್ಕೆ ಒತ್ತಿ ಕೆಳಗೆ ಇಳಿಸುವುದು. ಹಿಂದಿನಿಂದ ಕಪ್ಪಾದ ಫಿಲ್ಟರ್ ಹೊರಗೆ.]

ಗ್ಲವ್ ಬಾಕ್ಸ್ ಹಿಂದೆ ಏಸಿ ಫಿಲ್ಟರ್. ಇದು ಹುಟ್ಟಿದಾಗ ಬಿಳಿ ಇತ್ತು ಅಂದರೆ ನೀವು ನಂಬಬೇಕು. ಹೊಸದಕ್ಕೆ 350 ರೂಪಾಯಿ ಕೊಟ್ಟೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರೋಡ್ ಆಗಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಆಗಲಿ, ಮಾದರಿ ತೋರಿಸಿದರೆ ವಾದ ಇಲ್ಲ. ಹಾಕುವಾಗ ಅಂಚಿನಲ್ಲಿರುವ ಬಾಣದ ಗುರುತು ನೋಡಿ, ಗಾಳಿ ಹೋಗುವ ದಿಕ್ಕಿಗೆ ಇರಬೇಕು.

ಮುಂದಿನದು ಬ್ಯಾಟರಿ. ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಎರಡು ಸಲ ಉಸ್ಸಪ್ಪಾ ಅಂದು ಆಮೇಲೆ ಏಳುತ್ತಿತ್ತು. ಬ್ಯಾಟರಿ ಹೋಗಿದೆ ಅಂದರು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.5 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಹತ್ತಿರ ಇರುತ್ತದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿ. ಎಂಜಿನ್ ಓಡುವಾಗ 14.1. ಅದು 13.8ರಿಂದ 14.4ರ ಒಳಗಿದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಭಾಗ, ಬ್ಯಾಟರಿ ಚಾರ್ಜ್ ಮಾಡುತ್ತಿದೆ ಅಂತ. ಹಾಗಾದರೆ ಕರೆಂಟು ಎಲ್ಲಿ ಸಿಕ್ಕಿಕೊಂಡಿದೆ?

[ದೃಶ್ಯ: ಮೀಟರಿನ ಒಂದು ಮುಳ್ಳು ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದನ್ನು ಹಿಡಿದಿರುವ ಕ್ಲಾಂಪ್ ಮೇಲೆ.]

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಒಂದು ಮುಳ್ಳು ಕಂಬಕ್ಕೆ, ಇನ್ನೊಂದು ಕ್ಲಾಂಪಿಗೆ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ, ಹಾಗಾಗಿ ಸೆಲ್ಫ್ ಹೊಡೆದಾಗಲೂ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ಮನೆಯವರು ಕೀ ತಿರುಗಿಸಿದರು. 0.8! ಕೂದಲೆಳೆಯಷ್ಟು ಸಂದಿಯಲ್ಲಿ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ಮಾಯ. ಕ್ಲಾಂಪ್ ಹಿಡಿದು ಅಲ್ಲಾಡಿಸಿದರೆ ಕೈಯಲ್ಲೇ ತಿರುಗಿತು. ಒಳಗೆಲ್ಲ ಬಿಳಿ, ಹಸಿರು ಪುಡಿ.

ಹತ್ತನೇ ನಂಬರ್ ಸ್ಪ್ಯಾನರ್ ಸಾಕು. ಮೊದಲು ಕಪ್ಪು ವೈರ್, ಅಂದರೆ ಮೈನಸ್ ಬಿಚ್ಚಿ. ಕೊನೆಗೆ ಹಾಕುವುದೂ ಮೈನಸ್ಸೇ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಾರಿನ ತಗಡಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಚಿಂತೆ ಇಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿ ಮುಚ್ಚಳದೊಳಗೆ ಇಳಿಯಬಾರದು. ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಮತ್ತೆ ಅಳೆದೆ, 0.04. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಗಡಿಯಾರ ಮಾತ್ರ ಮತ್ತೆ ಸೆಟ್ ಮಾಡಬೇಕಾಯಿತು. ಸ್ಟೀರಿಯೋ ಕೋಡ್ ಕೇಳುವ ಕಾರುಗಳೂ ಇವೆ, ಬಿಚ್ಚುವ ಮುಂಚೆ ಹಳೆ ಮಾಲೀಕರನ್ನು ಕೇಳಿಕೊಳ್ಳಿ.

ಕಿಟಕಿ. ಡ್ರೈವರ್ ಕಡೆಯದು ಮಾತ್ರ ಏದುಸಿರು ಬಿಡುತ್ತಾ ಮೇಲೇರುತ್ತಿತ್ತು. ನಾಲ್ಕೂ ನಿಧಾನ ಆದರೆ ಕರೆಂಟಿನ ತೊಂದರೆ ಇರಬಹುದು. ಒಂದೇ ನಿಧಾನ, ಅದೂ ಮೇಲೆ ಹೋಗುವಾಗ ಮಾತ್ರ ಅಂದರೆ ಮೊದಲು ಗ್ಲಾಸ್ ಜಾರುವ ರಬ್ಬರ್ ನೋಡಿ. ಒದ್ದೆ ಬಟ್ಟೆಯನ್ನು ಸ್ಕೇಲಿಗೆ ಸುತ್ತಿ ಆ ರಬ್ಬರಿನ ಸಂದಿಯಲ್ಲಿ ಎಳೆದೆ. ಹತ್ತು ವರ್ಷದ ಧೂಳು, ಕೆಸರಾಗಿ ಬಂತು. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಎಣ್ಣೆ, ಗ್ರೀಸ್ ಬೇಡ. ರಬ್ಬರ್ ಉಬ್ಬುತ್ತದೆ, ಧೂಳು ಇನ್ನೂ ಅಂಟುತ್ತದೆ. ಹತ್ತು ಸಲ ಮೇಲೆ ಕೆಳಗೆ ಮಾಡಿದ ಮೇಲೆ ನೋಡಿ, ಉಳಿದ ಮೂರರ ಹಾಗೇ ಓಡುತ್ತಿದೆ. ಮೋಟರ್ ಸದ್ದು ಮಾಡಿಯೂ ಗ್ಲಾಸ್ ಅಲುಗದಿದ್ದರೆ ಒಳಗೆ ಕೇಬಲ್ ಕಿತ್ತಿರಬಹುದು, ಆಗ ಎಲೆಕ್ಟ್ರಿಷಿಯನ್ನೇ ಬೇಕು.

ಹೆಡ್‌ಲೈಟ್ ಮಂಜು. ಮೇಲೆ ನೀರು ಸವರಿ ನೋಡಿ. ಒದ್ದೆ ಇದ್ದಾಗ ತಿಳಿಯಾಗಿ ಕಂಡರೆ ಹಾಳಾಗಿರುವುದು ಹೊರಮೈ ಮಾತ್ರ. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ರಕ್ಷಣೆಯ ಪದರ ಸವೆದು ಹಳದಿ ಆಗುತ್ತದೆ. ವಾಟ್ಸಾಪಿನ ಟೂತ್‌ಪೇಸ್ಟ್ ಮದ್ದು ಮಾಡಬಹುದು, ಸ್ವಲ್ಪ ದಿನ ಹೊಳೆದು ಮತ್ತೆ ಅದೇ ಹಳದಿ. ಸುತ್ತ ಪೇಂಟಿಗೆ ಟೇಪ್ ಅಂಟಿಸಿ, ನೀರು ಹಾಕುತ್ತಾ ವಾಟರ್ ಪೇಪರಿನಲ್ಲಿ, ಅಂದರೆ ನೀರಿನಲ್ಲಿ ಬಳಸುವ ಉಜ್ಜು ಕಾಗದದಲ್ಲಿ ಉಜ್ಜಿ. ನಂಬರ್ ಜಾಸ್ತಿ ಆದಷ್ಟೂ ಕಾಗದ ನುಣುಪು. ಮೊದಲು 1000, ಆಮೇಲೆ 2000, ಕೊನೆಗೆ 3000. ಮೊದಲನೆಯದರಲ್ಲಿ ಲೈಟ್ ಇನ್ನೂ ಬೆಳ್ಳಗಾಗಿ ಕೆಟ್ಟುಹೋದಂತೆ ಕಾಣುತ್ತದೆ. ಧೈರ್ಯ ಇರಲಿ. ಆಮೇಲೆ ಪಾಲಿಶ್, ಅದರ ಮೇಲೆ ಬಿಸಿಲು ತಡೆಯುವ ಯುವಿ ಕೋಟಿಂಗ್. ಈ ಕೊನೆಯದನ್ನು ಬಿಟ್ಟರೆ ಕೈ ನೋಯಿಸಿಕೊಂಡಿದ್ದೇ ಲಾಭ.

ಚಾರ್ಜರ್ ಸಾಕೆಟ್ ಕೆಲಸ ಮಾಡುತ್ತಿರಲಿಲ್ಲ. ಫ್ಯೂಸ್ ಹೋಗಿತ್ತು, ಹಾಕಿದೆ. ಹಳೆಯದು 15 ಆಂಪ್ಸ್ ನೀಲಿ ಇದ್ದರೆ ಹೊಸದೂ ನೀಲಿಯೇ ಇರಲಿ. ಪದೇ ಪದೇ ಹೋಗುತ್ತದೆ ಅಂತ 30ರ ಹಸಿರು ಹಾಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರ್ ಸುಡುತ್ತದೆ.

ಮನೆಯಲ್ಲಿ ಮುಟ್ಟಬಾರದ್ದೂ ಇದೆ. ಬ್ರೇಕ್ ಪೆಡಲ್ ಒಳಗಿಳಿಯುವುದು, ಸ್ಟೀರಿಂಗ್ ಒಂದು ಕಡೆ ಎಳೆಯುವುದು, ಪೆಟ್ರೋಲ್ ವಾಸನೆ, ಏರ್‌ಬ್ಯಾಗ್ ಲೈಟ್. ಇವು ಸಣ್ಣಪುಟ್ಟ ಅಲ್ಲ, ಅವತ್ತೇ ತೋರಿಸಿ. ಎಂಜಿನ್ ಲೈಟ್ ಮಿಣುಕುತ್ತಿದ್ದರಂತೂ ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡಬಹುದು.

ಪಟ್ಟಿಯಲ್ಲಿ ಕೊನೆಗೆ ಹಿಂದಿನಿಂದ ಬರುವ 'ಕಟಕಟ' ಸದ್ದು. ಹಂಪ್ ಹತ್ತಿದಾಗಲೆಲ್ಲ ಬರುತ್ತಿತ್ತು. ಸಸ್ಪೆನ್ಷನ್ ಹೋಗಿದೆ ಅಂತ ನನಗೂ ಭಯ ಆಗಿತ್ತು. ಡಿಕ್ಕಿ ಖಾಲಿ ಮಾಡಿ, ನಾನೇ ಹಿಂದೆ ಕೂತು ಓಡಿಸಲು ಹೇಳಿದೆ.

[ದೃಶ್ಯ: ಡಿಕ್ಕಿಯ ಕಾರ್ಪೆಟ್ ಎತ್ತುವುದು. ಸ್ಟೆಪ್ನಿ ಪಕ್ಕದ ಜಾಕ್ ಕೈಯಲ್ಲಿ ಅಲ್ಲಾಡುತ್ತದೆ.]

ಜಾಕ್! ಅದರ ಜಾಗದಲ್ಲೇ ಇದೆ, ಆದರೆ ಸ್ಕ್ರೂ ತಿರುಗಿಸಿ ಬಿಗಿ ಮಾಡಿಲ್ಲ. ಯಾವಾಗಲೋ ಪಂಕ್ಚರ್ ಹಾಕಿಸಿದವರು ಸುಮ್ನೆ ಒಳಗೆ ಇಟ್ಟುಬಿಟ್ಟಿದ್ದಾರೆ. ಎರಡು ಸುತ್ತು ತಿರುಗಿಸಿದೆ, ಸದ್ದು ಹೋಯಿತು.

[ದೃಶ್ಯ: ಪಟ್ಟಿ. ಏಳು ಸಾಲಿಗೆ ಗೆರೆ ಎಳೆದಿದೆ.]

ಉಳಿದಿದ್ದು ರಿಮೋಟ್ ಕೀ, ಕಾರಿಗೆ ಮುತ್ತಿಟ್ಟ ಹಾಗೆ ಹತ್ತಿರ ಹಿಡಿದರೆ ಮಾತ್ರ ಲಾಕ್ ಆಗುತ್ತದೆ. ಒಳಗಿನ ಗುಂಡು ಸೆಲ್ ಬದಲಾಯಿಸಿದೆ, ಆಗಲಿಲ್ಲ. ಹೊಸ ಕೀ ಮಾಡಿಸಿ ಅಂತ ಒಬ್ಬರು ಹೇಳಿದ್ದಾರೆ. ನಾನು ಮೊದಲು ಕೀ ಬಿಚ್ಚಿ, ಸೆಲ್ ಹಿಡಿಯುವ ಆ ತೆಳು ತಗಡು ಬಗ್ಗಿದೆಯಾ ಅಂತ ನೋಡುತ್ತೇನೆ.