ಮಾತಾಡುತ್ತಾ ಓಡಿ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಕೆಲವರು ಈಗ ಚಹಾ ಕುಡಿಯುತ್ತಿರಬಹುದು, ಕೆಲವರು ರೊಟ್ಟಿ ಬಡಿಯುತ್ತಿರಬಹುದು. ಇನ್ನು ಕೆಲವರು ಶಾಲೆ ಬಿಟ್ಟ ಮೇಲೆ, ಬಸ್ಸು ಹಿಡಿಯಲು ಓಡಿದ್ದು ಬಿಟ್ಟರೆ, ಮತ್ತೆಂದೂ ಓಡಿದವರಲ್ಲ. ಈಗ ಓಡಬೇಕು ಅನ್ನಿಸಿದೆ. ಇಂಥವರಿಗೇ ಇವತ್ತಿನ ಮಾತು. ನಾನು ಹೇಳುವುದು ಒಂದೇ: ನಿಧಾನವಾಗಿ ಓಡಿ. ನೀವು ನಿಧಾನ ಅಂದುಕೊಂಡಿದ್ದೀರಲ್ಲ, ಅದಕ್ಕಿಂತ ನಿಧಾನ.

ಎಷ್ಟು ನಿಧಾನ? ಬ್ಯಾಡಗಿ ಪೇಟೆಯಲ್ಲಿ ಈ ವಾರ ಮೆಣಸಿನಕಾಯಿ ದರ ಏನಾಯಿತು ಅಂತ ಓಡುತ್ತಲೇ ಪಕ್ಕದವರಿಗೆ ಪೂರ್ತಿ ಹೇಳಲು ಆಗಬೇಕು. ನಡುವೆ ಮಾತು ತುಂಡಾಯಿತಾ? ಹಾಗಾದರೆ ವೇಗ ಜಾಸ್ತಿಯಾಯಿತು. ಇಳಿಸಿ, ಇಲ್ಲವೇ ನಡೆಯಿರಿ. ಒಬ್ಬರೇ ಇದ್ದರೆ ಗೊತ್ತಿರುವ ಒಂದು ವಚನ ಹೇಳಿಕೊಳ್ಳಿ. ಇದಕ್ಕೆ ಗಡಿಯಾರ ಬೇಡ, ಮೊಬೈಲೂ ಬೇಡ.

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಪ್ರತಿ ಜನವರಿಗೂ ಹೊಸಬರನ್ನು ನೋಡುತ್ತೇನೆ. ಮೊದಲ ದಿನವೇ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾರೆ. ಐದು ನಿಮಿಷಕ್ಕೆ ಸೊಂಟ ಹಿಡಿದು ನಿಲ್ಲುತ್ತಾರೆ. ಫೆಬ್ರವರಿಗೆ ಅವರು ಕಾಣುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರು. ಯಾರು ಹೇಳಿದರು ಅಷ್ಟು ಜೋರಾಗಿ ಓಡಿ ಅಂತ?

ವಿಷಯ ಇಷ್ಟೇ. ದಮ್ಮು ಕೆಲವೇ ವಾರಗಳಲ್ಲಿ ಬರುತ್ತದೆ. ಆದರೆ ಎಲುಬು, ಎಲುಬಿಗೆ ಮಾಂಸಖಂಡವನ್ನು ಕಟ್ಟಿರುವ ಹುರಿ, ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ತಿಂಗಳಾಗುವಷ್ಟರಲ್ಲಿ ನಿಮಗೆ ಹುರುಪು ಬಂದಿರುತ್ತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ. ಆಗಲೇ ಮೊಳಕಾಲ ಕೆಳಗೆ, ಹಿಮ್ಮಡಿಯಲ್ಲಿ ನೋವು ಶುರುವಾಗುವುದು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬ ತರಬೇತುದಾರರಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಇಬ್ಬರು ಶಿಷ್ಯರು ಚಿನ್ನ ಗೆದ್ದರು. ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲಿ. ಇಂಥ ಗುರು ಆಕ್ಲೆಂಡಿನ ಸಾಮಾನ್ಯ ಜನರಿಗೂ ಓಟ ಕಲಿಸಿದರು. ಹೃದಯದ ಕಾಯಿಲೆ ಇದ್ದವರಿಗೂ ಕಲಿಸಿದರು. ಹೇಗೆ? ನಿಧಾನವಾಗಿ, ಮಾತಾಡುತ್ತಾ. ಆಗ ಅಮೆರಿಕದಿಂದ ಬಿಲ್ ಬವರ್‌ಮನ್ ಅನ್ನುವವರು ಲಿಡಿಯಾರ್ಡ್‌ರನ್ನು ನೋಡಲು ಬಂದರು. ಅವರೂ ದೊಡ್ಡ ತರಬೇತುದಾರರೇ, ವಯಸ್ಸು ಐವತ್ತು ದಾಟಿತ್ತು. ಒಂದು ಭಾನುವಾರ ಲಿಡಿಯಾರ್ಡ್ ಬವರ್‌ಮನ್‌ರನ್ನು ಈ ಜನರ ಜೊತೆ ಓಡಲು ಕರೆದೊಯ್ದರು. ಸ್ವಲ್ಪ ದೂರದಲ್ಲೇ ಬವರ್‌ಮನ್‌ಗೆ ಉಸಿರು ಕಟ್ಟಿತು, ಹಿಂದೆ ಬಿದ್ದರು. ಆಗ ಎಪ್ಪತ್ತು ದಾಟಿದ ಒಬ್ಬ ಹಿರಿಯರು ತಮ್ಮ ವೇಗ ಇಳಿಸಿ ಅವರ ಜೊತೆಗೇ ಬಂದರು. ಆ ಹಿರಿಯರಿಗೆ ಅದಕ್ಕೂ ಮುಂಚೆ ಹೃದಯಾಘಾತ ಆಗಿತ್ತು! ದಾರಿಯುದ್ದಕ್ಕೂ ಆ ಹಿರಿಯರು ಮಾತಾಡುತ್ತಲೇ ಇದ್ದರಂತೆ. ಬವರ್‌ಮನ್ ತಮ್ಮೂರಿಗೆ ಮರಳಿ ಊರ ಜನರಿಗೆಲ್ಲ ಇದನ್ನೇ ಕಲಿಸಿದರು. ಅಮೆರಿಕದಲ್ಲಿ ಜಾಗಿಂಗ್ ಹಬ್ಬಿದ್ದರಲ್ಲಿ ಆ ಭಾನುವಾರದ ಪಾಲು ದೊಡ್ಡದು. ಒಲಿಂಪಿಕ್ಸ್ ಗೆಲ್ಲಿಸಿದ ಗುರುವೇ ನಿಧಾನ ಅಂದ ಮೇಲೆ ನಮ್ಮದೇನು ಅವಸರ, ಅಲ್ವಾ?

ಸಮಯ ಕಡಿಮೆ ಉಳಿದಿದೆ, ಬೇಗ ಹೇಳಿಬಿಡುತ್ತೇನೆ. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ನಡುವೆ ಒಂದೊಂದು ದಿನ ಬಿಡುವು. ಸುಲಭ ಅನ್ನಿಸಿದ ಮೇಲೆ ಓಡುವ ಹೊತ್ತನ್ನು ಹೆಚ್ಚಿಸಿ, ವೇಗವನ್ನಲ್ಲ. ಶೂಗಳ ಬೆರಳಿನ ಕಡೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಸೀರೆ ಇರಲಿ, ಚೂಡಿದಾರ ಇರಲಿ, ಕಾಲಿಗೆ ಸಿಕ್ಕದಂತೆ ಇದ್ದರೆ ಸಾಕು. ಜನ ನೋಡುತ್ತಾರೆ ಅಂತ ಹೆಣ್ಣುಮಕ್ಕಳು ಹಿಂಜರಿಯಬೇಡಿ, ಇಬ್ಬರು ಮೂವರು ಕೂಡಿ ಹೋಗಿ. ಮಳೆಗಾಲದಲ್ಲಿ ಹೊಲದ ದಾರಿ ಬೇಡ, ಎರೆ ಮಣ್ಣು ಅಂಟಿ ಶೂ ಎತ್ತಲಿಕ್ಕೇ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮುಂಚೆ ಮುಗಿಸಿ. ಸಕ್ಕರೆ ಕಾಯಿಲೆ, ಬಿಪಿ, ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಗದಗಿನವರಿಗೆ ಭೀಷ್ಮ ಕೆರೆ ಇದೆ, ಹಾವೇರಿಯವರಿಗೆ ಹೆಗ್ಗೇರಿ, ಧಾರವಾಡದವರಿಗೆ ಕೆಲಗೇರಿ. ನಾಳೆಯೇ ಹೋಗಿ, ಮಾತಾಡಲು ಒಬ್ಬರನ್ನು ಕರೆದುಕೊಂಡು. ನಮಸ್ಕಾರ.